ಯಾವ ಎಣ್ಣೆ ಹಚ್ತೀರಿ?

ಮುಂಬೈ ಪಕ್ಕದ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ರೈಲು ಹಿಡಿಯೋ ಹೆಂಗಸರಿಗೆಲ್ಲ ಗೊತ್ತಿರೋ ಒಂದು ನಿಯಮ ಇದೆ. ಕೂದಲು ಬಿಟ್ಕೊಂಡು ಲೇಡೀಸ್ ಡಬ್ಬಿ ಹತ್ತಬಾರದು. ಹತ್ತಿದ್ರೆ ಹಿಂದಿನಿಂದ ಒಂದು ದನಿ ಬಂದೇ ಬರುತ್ತೆ, "ಕೇಸ್ ಬಾಂಧ್ ನಾ ಗ!" ಕೂದಲು ಕಟ್ಕೊಳ್ಳೇ ಅಂತ. ಹನ್ನೊಂದು ವರ್ಷದ ಹಿಂದೆ ಕೊಪ್ಪಳದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನ ಬೈಗುಳ ಅಂದ್ಕೊಂಡು ಕಣ್ಣಲ್ಲಿ ನೀರು ತಂದ್ಕೊಂಡಿದ್ದೆ. ಈಗ ಅದೇ ಮಾತನ್ನ ನಾನೇ ಬೇರೆಯವರಿಗೆ ಹೇಳ್ತೀನಿ, ಅಷ್ಟೇ ಸಿಟ್ಟಿನಿಂದ.

ನನ್ನ ಜಡೆ ಸೊಂಟದವರೆಗೆ ಬರುತ್ತೆ. ಟೇಪು ಹಿಡಿದು ಅಳೆದಿದ್ದೀನಿ, ಬುಡದಿಂದ ತುದಿಗೆ 80 ಸೆಂ.ಮೀ. ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ. ಲೋಕಲ್‌ನಲ್ಲಿ "ಕಾಯ್ ಲಾವ್ತೇಸ್?" ಆಫೀಸಿನ ಲಿಫ್ಟಲ್ಲಿ "ಕ್ಯಾ ಲಗಾತೀ ಹೋ?" ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದ್ರೆ ಉಡುಪಿ ಕಡೆಯ ಅಕ್ಕಂದಿರು "ಎಂತ ಎಣ್ಣೆ ಹಾಕುದು ಮಾರಾಯ್ತಿ?" ಈಚೆಗೆ ಇದಕ್ಕೊಂದು ಬಾಲ ಸೇರಿದೆ. ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನರ ಆದಿವಾಸಿ ಎಣ್ಣೆ ರೀಲ್ಸ್‌ನಲ್ಲಿ ಓಡಾಡ್ತಿದೆಯಲ್ಲ, "ನೀವು ಕರ್ನಾಟಕದೋರು, ನಿಮಗೆ ಅಸಲಿ ಮಾಲೇ ಸಿಗುತ್ತೇನೋ" ಅಂತಾರೆ. ಕೊಪ್ಪಳಕ್ಕೂ ಹುಣಸೂರಿಗೂ ಎಷ್ಟು ದೂರ ಅಂತ ಇವರಿಗೆ ಯಾರು ಹೇಳ್ಬೇಕು.

ಅಂಗಡಿಯಲ್ಲಿ ಸಿಗೋ ಸಾದಾ ಕೊಬ್ಬರಿ ಎಣ್ಣೆ ಅಂದ್ರೆ ಯಾರೂ ನಂಬಲ್ಲ. ಏನೋ ಮುಚ್ಚಿಡ್ತಿದಾಳೆ ಅನ್ನೋ ಮುಖ ಮಾಡ್ತಾರೆ. ನಿಜವಾಗ್ಲೂ ಮುಚ್ಚಿಡೋದು ಏನೂ ಇಲ್ಲ. ಆ ಕೊಬ್ಬರಿ ಎಣ್ಣೆಯೂ ನನ್ನ ಕೂದಲನ್ನ ಬೆಳೆಸಿಲ್ಲ!

ಕೂದಲಿಗೆ ಜೀವ ಇರೋದು ಚರ್ಮದ ಒಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದದ್ದು ಉಗುರಿನ ಹಾಗೆ ಸತ್ತ ಕೆರಾಟಿನ್ ಅನ್ನೋ ಪ್ರೋಟೀನ್. ಅದಕ್ಕೆ ಎಣ್ಣೆ ಕುಡಿಸಿದ್ರೂ ಅಷ್ಟೇ, ತುಪ್ಪ ಕುಡಿಸಿದ್ರೂ ಅಷ್ಟೇ. ಹೆಚ್ಚುಕಡಿಮೆ ತಿಂಗಳಿಗೆ 1 ಸೆಂ.ಮೀ. ಎಲ್ಲರಿಗೂ ಬೆಳೆಯುತ್ತೆ, ಭುಜ ದಾಟಲ್ಲ ಅಂತ ಅಳೋರಿಗೂ ಬೆಳೆಯುತ್ತೆ. ಒಂದೊಂದು ಕೂದಲೂ ಎರಡರಿಂದ ಆರೇಳು ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಉದುರಿ, ಜಾಗ ಬಿಟ್ಟುಕೊಡುತ್ತೆ. ಆ ಅವಧಿ ಬಹುಪಾಲು ಹುಟ್ಟಿನಿಂದ ಬಂದದ್ದು, ನನ್ನದು ಅವ್ವನ ಕಡೆಯಿಂದ. ನಮ್ಮ ಕೈಲಿರೋದು ಬೆಳೆದದ್ದನ್ನ ಮುರೀದೆ ಉಳಿಸಿಕೊಳ್ಳೋದು.

ಉಳಿಸೋ ವಿಚಾರದಲ್ಲಿ ಕೊಬ್ಬರಿ ಎಣ್ಣೆಗೆ ಒಂದಿಷ್ಟು ಮರ್ಯಾದೆ ಇದೆ. ಇದೇ ಮುಂಬೈಯ ಮಾರಿಕೋ ಕಂಪನಿಯ ಸಂಶೋಧಕರು 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ರು. ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗೋದನ್ನ ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ, ಅದರ ಅಣು ಕೂದಲಿನ ಒಳಗೆ ಇಳಿಯುತ್ತೆ ಅಂತ. ಕೊಬ್ಬರಿ ಎಣ್ಣೆ ಮಾರೋ ಕಂಪನಿಯೇ ಮಾಡಿದ ಪರೀಕ್ಷೆ, ಅದನ್ನೂ ನೆನಪಿಟ್ಕೊಂಡೇ ಓದಿ. ನಾನು ತಲೆಗೆ ನೀರು ಹಾಕೋ ಮುಂಚೆ ಒಂದೆರಡು ಗಂಟೆ ಉದ್ದಕ್ಕೆ ಹಚ್ಚಿ ಬಿಡ್ತೀನಿ. ಹೊಟ್ಟು ಇರೋರು ಮಾತ್ರ ಬುಡಕ್ಕೆ ಎಣ್ಣೆ ಸುರೀಬೇಡಿ. ಹೊಟ್ಟಿಗೆ ಕಾರಣವಾಗೋ ಬೂಷ್ಟಿಗೆ ಜಿಡ್ಡೇ ಊಟ.

ಕೂದಲನ್ನ ಮುರೀದೆ ಉಳಿಸೋದನ್ನ ನನಗೆ ಕಲಿಸಿದ್ದು ಪುಸ್ತಕ ಅಲ್ಲ, ನಮ್ಮ ದೊಡ್ಡವ್ವ. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲಿನ ಊರು ಅನ್ನೋದು ಇಲ್ಲಿಯವರಿಗೆ ಗೊತ್ತಿಲ್ಲ. ನಾವು ಬಾಚಿ ಎಸೆಯೋ ಕೂದಲುಂಡೆಗಳು ಊರೂರಿಂದ ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತವೆ. ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸ್ತಾರೆ. ದೊಡ್ಡವ್ವ ಅಲ್ಲಿ ಸಿಕ್ಕು ಬಿಡಿಸೋ ಕೆಲಸಕ್ಕೆ ಹೋಗ್ತಿದ್ಲು. ಶಾಲೆಗೆ ಸೂಟಿ ಇದ್ದಾಗ ನಾನೂ ಹಿಂದೆ ಬೀಳ್ತಿದ್ದೆ. ಚಾಪೆಯ ಮೇಲೆ ಕಾಲು ನೀಡಿ ಕೂತು, ಜೇಡರ ಗೂಡಿನಂಥ ಕರಿ ಉಂಡೆಯನ್ನ ತೊಡೆ ಮೇಲಿಟ್ಟು, ಒಂದೊಂದೇ ಎಳೆ ಸಡಿಲಿಸಿ ಈಚೆ ತೆಗೀತಿದ್ಲು. ಎಳೀತಿರಲಿಲ್ಲ. ನಾನು ಅವಸರ ಮಾಡಿ ಜಗ್ಗಿದ್ರೆ ಕೈ ಮೇಲೆ ಪಟ್ಟಂತ ಒಂದು ಏಟು. "ತುದಿ ಬಿಡಿಸದ ಬುಡಕ್ಕ ಯಾಕ ಕೈ ಹಾಕ್ತೀದಿಬೇ? ಹರದ್ರ ಗಿಡ್ಡ ಆತು, ಗಿಡ್ಡ ಆದ್ರ ರೇಟ್ ಹೋತು."

ಇವತ್ತಿಗೂ ನಾನು ಬಾಚೋದು ಹಾಗೇ. ಜಡೆಯ ನಡುವೆ ಮುಷ್ಟಿಯಲ್ಲಿ ಹಿಡಿದು, ಮೊದಲು ಕೊನೆಯ ಗೇಣು, ಆಮೇಲೆ ಅದರ ಮೇಲಿನ ಗೇಣು. ಬುಡಕ್ಕೆ ಬರೋದು ಕೊನೆಗೆ. ದೊಡ್ಡವ್ವ ಮದುವೆಮನೆಗೆ ಹೋದ್ರೂ ಹೆಂಗಸರ ಸೀರೆ ನೋಡ್ತಿರಲಿಲ್ಲ. "ಆಕೀದು ನೋಡ, ಇಪ್ಪತ್ತೆಂಟು ಇಂಚ್ ಬರತೈತಿ" ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟೋಳು. ದೇವಸ್ಥಾನದ ಮುಡಿ ಕೂದಲಿಗೆ ಬೆಲೆ ಹೆಚ್ಚು ಅಂತಲೂ ಅವಳೇ ಹೇಳಿದ್ದು, ಬುಡಗಳೆಲ್ಲ ಒಂದೇ ದಿಕ್ಕಿಗಿರ್ತಾವೆ ಅಂತ. ಕೂದಲಿನ ಮೈಮೇಲೆ ಹಂಚು ಹೊದಿಸಿದ ಹಾಗೆ ಸಣ್ಣ ಪೊರೆಗಳಿರ್ತವೆ. ಅವೆಲ್ಲ ಒಂದೇ ಕಡೆ ಮುಖ ಮಾಡಿದ್ರೆ ಸಿಕ್ಕಾಗಲ್ಲ.

ನನ್ನ ಜಡೆಯನ್ನ ಓದೋಕೂ ಬರುತ್ತೆ ನನಗೆ. ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕ ಹಿಡಿದ್ರೆ ತುದಿಗೆ ಆರೂವರೆ ವರ್ಷ ದಾಟಿದೆ. ನನ್ನ ಮಗ ಹುಟ್ಟೋಕೆ ಮುಂಚಿನ ಕೂದಲದು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಜ್ವರ ಬಂತು. ಜ್ವರದಲ್ಲಿ ಒಂದು ಎಳೆಯೂ ಉದುರಲಿಲ್ಲ, ಜುಲೈನಲ್ಲಿ ಹಿಡಿಹಿಡಿಯಾಗಿ ಬಂತು. ಮೈಗೆ ದೊಡ್ಡ ಏಟು ಬಿದ್ದಾಗ ಬೆಳೀತಿದ್ದ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತೆ, ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತೆ. ಹೆರಿಗೆಯ ನಂತರ ಆಗೋದೂ ಇದೇ. ಆಗ ಗೊತ್ತಿರಲಿಲ್ಲ. ಬಚ್ಚಲ ಜಾಲರಿ ಮುಂದೆ ಕೂತು ಅತ್ತಿದ್ದೀನಿ. ಅವತ್ತು ಹುಟ್ಟಿದ ಹೊಸ ಕೂದಲು ಈಗ ಬೆನ್ನಿನ ನಡುವಿನವರೆಗೆ ಬಂದಿದೆ, ಅದಕ್ಕೇ ಜಡೆ ಅಲ್ಲಿವರೆಗೆ ದಪ್ಪ, ಅದರ ಕೆಳಗೆ ಇಲಿಬಾಲ.

ಆ ಅಳುವಿನಲ್ಲಿ ಮಾಡಿದ ದಡ್ಡತನ ಎರಡು. ಒಂದು, ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ. ಅದರ ಕೊರತೆ ಇದ್ದರೆ ಮಾತ್ರ ಉಪಯೋಗ, ಕೊರತೆ ಬಲು ಅಪರೂಪ. ಮೇಲಾಗಿ ಅದು ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ಏರುಪೇರು ಮಾಡಬಲ್ಲದು. ಕೊನೆಗೆ ಡಾಕ್ಟರ್ ಬರೆದುಕೊಟ್ಟದ್ದು ಕಬ್ಬಿಣದ ಮಾತ್ರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 49ರ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಎಣ್ಣೆ ಕೇಳೋರು ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡ್ಕೊಳ್ಳಿ.

ಎರಡನೇದು, ಸ್ಟೇಷನ್ ಹತ್ತಿರದ ಪಾರ್ಲರಿನಲ್ಲಿ ನಾಲ್ಕು ಸಾವಿರ ಕೊಟ್ಟು ಮಾಡಿಸಿದ, ಕೂದಲು ನುಣುಪು ಮಾಡೋ ಕೆರಾಟಿನ್ ಟ್ರೀಟ್‌ಮೆಂಟ್. ಬಿಸಿ ಇಸ್ತ್ರಿ ಎಳೆದಾಗ ಎದ್ದ ಹೊಗೆಗೆ ನನಗೂ ಆ ಹುಡುಗಿಗೂ ಕಣ್ಣೀರು. ಇಂಥ ಎಷ್ಟೋ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣುರಿಸೋ ವಿಷ ಇರುತ್ತೆ, ಇಲ್ಲವೇ ಬಿಸಿಗೆ ಬಿಡುಗಡೆಯಾಗುತ್ತೆ. ಎರಡು ತಿಂಗಳು ಮಿಂಚಿತು, ಆಮೇಲೆ ನಡುನಡುವೆ ತುಂಡಾಯ್ತು. ನಾಲ್ಕು ಸಾವಿರಕ್ಕೆ ಎಷ್ಟು ಸೀರೆ ಇಸ್ತ್ರಿ ಆಗ್ತಿತ್ತೋ!

ಇಲ್ಲಿನ ನೀರಿಗೇ ಕೂದಲು ಹಾಳಾಗುತ್ತೆ ಅನ್ನೋ ದೂರನ್ನ ಮಾತ್ರ ನಾನು ಒಪ್ಪಲ್ಲ. ನಮ್ಮೂರಿನ ಬೋರಿನ ಸವುಳು ನೀರಲ್ಲಿ ಸೋಪು ಹಾಕಿದ್ರೆ ನೊರೆ ಬರ್ತಿರಲಿಲ್ಲ, ತಲೆ ಅಂಟಂಟು. ಮುಂಬೈಯವರು ತಾನ್ಸಾ, ಭಾತ್ಸಾದಂಥ ಕೆರೆಗಳ ನೀರು ಕುಡಿಯೋರು, ಇಲ್ಲಿ ನಮಗೆ ಉಲ್ಹಾಸ್ ನದಿಯದು. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂದ ದಿನ ಬಿಟ್ರೆ ನನಗಂತೂ ಅದು ಮೆತ್ತಗೇ ಅನ್ನಿಸುತ್ತೆ. ಇಲ್ಲಿನ ಅಸಲಿ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆ ಒಣಗೋದೇ ಇಲ್ಲ. ಒದ್ದೆ ಕೂದಲು ಜಗ್ಗಿದ ಹಾಗೆ ಹಿಗ್ಗಿ ಬೇಗ ಹರಿಯುತ್ತೆ. ಅದನ್ನೇ ಬಿಗಿಯಾಗಿ ಕಟ್ಟಿಕೊಂಡು ರೈಲು ಹತ್ತಿದ್ರೆ ಮುರಿಯೋದರ ಜೊತೆ ವಾಸನೆಯೂ ಉಚಿತ. ಅದಕ್ಕೇ ನಾನು ತಲೆ ತೊಳೆಯೋದು ಶನಿವಾರ ರಾತ್ರಿ ಮತ್ತು ಬುಧವಾರ ರಾತ್ರಿ, ಫ್ಯಾನಿನ ಕೆಳಗೆ. ಗಂಡನಿಗೆ ನೆಗಡಿ.

ಊರಲ್ಲಿ ಭಾನುವಾರ ಅವ್ವ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ಎರೆದು, ಬಿಸಿಲಿಗೆ ಕೂರಿಸಿ ಹೆಳಲು ಹಾಕೋಳು. ಮೊಣಕಾಲ ನಡುವೆ ನನ್ನ ತಲೆ ಸಿಕ್ಕಿಸಿಕೊಂಡು ಊರಿನ ಸುದ್ದಿಯೆಲ್ಲ ಮುಗಿಸೋಳು. ಸ್ವಂತ ಕೈಯಲ್ಲಿ ಬೆನ್ನ ಹಿಂದಿನ ಕೂದಲನ್ನ ಅಷ್ಟು ತಾಳ್ಮೆಯಿಂದ ಬಿಡಿಸೋಕೆ ಆಗಲ್ಲ, ತೋಳು ಸೋತು ಜಗ್ಗಿಬಿಡ್ತೀವಿ. ಉದ್ದ ಜಡೆಯ ಹಿಂದೆ ಇನ್ನೊಬ್ಬರ ಎರಡು ಕೈ ಇರ್ತಿತ್ತು.

ಈಗ ಆ ಕೈ ರೈಲಲ್ಲಿ ಸಿಕ್ಕಿವೆ. ಕಲ್ಯಾಣದಲ್ಲಿ ಹತ್ತೋ ಒಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರ ಹಾಗೆ ನಾನೂ ಅವರನ್ನ ತಾಯಿ ಅಂತೀನಿ. ಮರಾಠಿಯಲ್ಲಿ ಅಂದ್ರೆ ಅಕ್ಕ. ಫೋನಲ್ಲಿ ಕೇಳಿಸಿಕೊಂಡ ಅವ್ವ ಒಮ್ಮೆ ರೇಗಿದ್ಲು, "ಯಾರಿಗೆ ತಾಯಿ ಅಂತೀದಿ ಅಲ್ಲೆ?" ಥಾಣೆಯಲ್ಲಿ ನನಗೆ ಸೀಟು ಸಿಕ್ಕ ದಿನ ಅವರು ಮಾತಿಲ್ಲದೆ ನನ್ನ ಭುಜ ತಿರುಗಿಸಿ, ಬೆಳಗಿನ ಅವಸರದ ಜಡೆ ಬಿಚ್ಚಿ, ತುದಿಯಿಂದ ಬಿಡಿಸಿ, ಘಾಟ್ಕೋಪರ್ ಬರೋದರೊಳಗೆ ಹೊಸದು ಹಾಕಿರ್ತಾರೆ.

ಮೊನ್ನೆ ಹಾಗೆ ಹಾಕ್ತಿರುವಾಗ, ಕಂಬಿ ಹಿಡಿದು ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಬಗ್ಗಿ ಕೇಳಿದಳು, "ಕಾಯ್ ಲಾವ್ತಾ ತುಮ್ಹಿ?" ಅವಳ ಬಿಚ್ಚುಗೂದಲು ಕಿಟಕಿಯ ಗಾಳಿಗೆ ಹಾರಿ ತಾಯಿಯ ಬಾಯಿಗೆ ಬಂತು. ತಾಯಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ರಬ್ಬರ್ ಬ್ಯಾಂಡ್ ತೆಗೆದು, ನನ್ನ ಜಡೆಗೆ ಹಾಕೋ ಬದಲು ಅವಳ ಕೈಗೆ ಕೊಟ್ರು.

"ಆಧಿ ಕೇಸ್ ಬಾಂಧ್."