ವಲಸೆ ಬಂದವರು ಕೋಚ್, ಹುಡುಗ ಅಲ್ಲ

ಬಾಕ್ಸಿಂಗ್ ಕೋಚ್ ಬ್ರೆಂಡನ್ ಇಂಗಲ್ ಮತ್ತು ಅವರ ಶಿಷ್ಯ, ಬಾಕ್ಸರ್ 'ಪ್ರಿನ್ಸ್' ನಸೀಮ್ ಹಮೀದ್ ಅವರ ಕಥೆ ಸಿನಿಮಾ ಆದಮೇಲೆ ಒಂದು ಮಾತು ಹರಿದಾಡುತ್ತಿದೆ: 'ಯೆಮೆನ್‌ನಿಂದ ಓಡಿಬಂದ ಹುಡುಗನನ್ನು ಇಂಗ್ಲಿಷ್ ಕೋಚ್ ಒಬ್ಬರು ಚಾಂಪಿಯನ್ ಮಾಡಿದರು, ಅವನು ಸೋತ ರಾತ್ರಿಯೂ ಜೊತೆಗಿದ್ದರು.' ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ.

ನಸೀಮ್ ಹುಟ್ಟಿದ್ದು 1974ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲೇ. ಯೆಮೆನ್‌ನಿಂದ ಬಂದವರು ಅವರ ಅಪ್ಪ ಅಮ್ಮ. ಇಂಗಲ್ ಇಂಗ್ಲಿಷರೇ ಅಲ್ಲ. ಐರ್ಲೆಂಡಿನ ಡಬ್ಲಿನ್‌ನಿಂದ ಶೆಫೀಲ್ಡ್‌ಗೆ ಬಂದು ಉಕ್ಕಿನ ಕೆಲಸಕ್ಕೆ ಸೇರಿದವರು. ಅಂದರೆ ವಲಸಿಗರು ಗುರುವೇ!

ಅವರ ಜಿಮ್ ಇದ್ದದ್ದು ವಿನ್ಕೊಬ್ಯಾಂಕ್ ಬಡಾವಣೆಯಲ್ಲಿ. ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದಿದ್ದರು. ಹುಡುಗರು ಆ ಗೆರೆಗಳ ಮೇಲೆ ಹಿಂದೆ ಮುಂದೆ ಓಡಾಡಬೇಕು, ಎಡಗಾಲು ಮುಂದಿದ್ದರೆ ತಟ್ಟನೆ ಬಲಗಾಲು ಮುಂದೆ ಬರಬೇಕು. ಮೊದಲು ಹೆಜ್ಜೆ, ಆಮೇಲೆ ಗುದ್ದು. ಕೈ ಕೆಳಗಿಳಿಸಿಕೊಂಡೇ ಸೊಂಟ ಬಳುಕಿಸಿ ನಸೀಮ್ ಏಟು ತಪ್ಪಿಸಿಕೊಳ್ಳುತ್ತಿದ್ದರಲ್ಲ, ಅದು ಸುಮ್ನೆ ಶೋಕಿ ಅಲ್ಲ. ಅದರ ಬೇರು ಈ ಗೆರೆಗಳಲ್ಲಿದೆ.

1995ರಲ್ಲಿ ಕಾರ್ಡಿಫ್‌ನಲ್ಲಿ ಸ್ಟೀವ್ ರಾಬಿನ್ಸನ್ ಅವರನ್ನು ಎಂಟನೇ ಸುತ್ತಿನಲ್ಲಿ ಸೋಲಿಸಿ ನಸೀಮ್ ವಿಶ್ವ ಪಟ್ಟ ಗೆದ್ದಾಗ ಇಂಗಲ್ ಜೊತೆಗಿದ್ದರು, ನಿಜ. ಆದರೆ 1998ರ ಹೊತ್ತಿಗೆ ಇಬ್ಬರೂ ದೂರವಾದರು. 2001ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮಾರ್ಕೊ ಆಂಟೋನಿಯೊ ಬರೇರಾ ಎದುರು ನಸೀಮ್ ತಮ್ಮ ವೃತ್ತಿಯ ಏಕೈಕ ಸೋಲು ಕಂಡಾಗ ರಿಂಗಿನ ಮೂಲೆಯಲ್ಲಿ ಅವರ ಜೊತೆ ನಿಂತಿದ್ದವರು ಬೇರೆ ಕೋಚ್‌ಗಳು. ಇಂಗಲ್ 2018ರಲ್ಲಿ ತೀರಿಕೊಂಡರು.