ಅರ್ಧ ಬೆಳ್ಳಿಯ ರೂಪಾಯಿ ಡೂಪ್ಲಿಕೇಟ್ ಅಲ್ಲ

ನಮ್ಮ ತುಮಕೂರಿನ ಕಡೆ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಜಾರ್ಜ್ ರಾಜನ ತಲೆಯಿರುವ ರೂಪಾಯಿಗಳಿವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ತೆಗೆದು ಪೂಜೆಗಿಟ್ಟು, ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಕಷ್ಟ ಬಂತೆಂದು ಮಾರಲು ಹೋದರೆ ಕೆಲವು ಅಂಗಡಿಗಳಲ್ಲಿ ಸಿಗುವ ಉತ್ತರ, "ಇದ್ರಲ್ಲಿ ತಾಮ್ರ ಇದೆ ಅಮ್ಮ, ಡೂಪ್ಲಿಕೇಟ್." ನಮ್ಮ ಬೀದಿಯ ಅಜ್ಜಿಯೊಬ್ಬರಿಗೂ ಹೀಗೇ ಹೇಳಿ ಪುಡಿಗಾಸು ಕೊಟ್ಟು ಕಳಿಸಿದರು. ಕೇಳಿ ನನಗೆ ತುಂಬಾ ಸಿಟ್ಟು ಬಂತು.

ತಾಮ್ರ ಇರುವುದು ನಿಜ. ಬೆರೆಸಿದ್ದು ಸರ್ಕಾರವೇ. 1939ರವರೆಗೆ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ ಇತ್ತು. ಎರಡನೇ ಮಹಾಯುದ್ಧ ಶುರುವಾಯಿತು. ಜನ ಬೆಳ್ಳಿ ರೂಪಾಯಿಗಳನ್ನು ಖರ್ಚು ಮಾಡದೆ ಕೂಡಿಡತೊಡಗಿದರು. 1940ರಲ್ಲಿ ಸರ್ಕಾರ ಒಂದು ರೂಪಾಯಿ ನೋಟನ್ನು ಚಲಾವಣೆಗೆ ಬಿಟ್ಟಿತು, ನಾಣ್ಯದ ಬೆಳ್ಳಿಯನ್ನು ನೂರಕ್ಕೆ 50 ಪಾಲಿಗೆ ಇಳಿಸಿತು. ಉಳಿದದ್ದರಲ್ಲಿ 40 ಪಾಲು ತಾಮ್ರ, ನಿಕಲ್ ಮತ್ತು ಸತು ತಲಾ 5. 1945ರವರೆಗೂ ಹೀಗೇ ನಡೆಯಿತು. ತೂಕ ಮಾತ್ರ ಮೊದಲಿನದೇ, 11.66 ಗ್ರಾಂ, ಅಂದರೆ ಒಂದು ತೊಲ. ಬೆಳ್ಳಿ ಅಂಗಡಿ ಇಟ್ಟವರಿಗೆ ಇಷ್ಟಾದರೂ ಗೊತ್ತಿರಬೇಕು ಅಲ್ವಾ?

ಹಾಗಂತ ನಕಲಿಗಳು ಇಲ್ಲವೆಂದಲ್ಲ. ಮೊದಲು ಇಸವಿ ಓದಿ, ಆಮೇಲೆ ಅಂಚು ನೋಡಿ. ಖೋಟಾ ತಡೆಯಲೆಂದೇ 1940ರಿಂದ ಅಂಚಿನ ಗೀರುಗಳ ಮಧ್ಯೆ ಸುತ್ತಲೂ ಒಂದು ತಗ್ಗು ಕೊರೆದರು. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಾಣ್ಯದಲ್ಲಿ ಈ ತಗ್ಗು ಅಷ್ಟು ಚೊಕ್ಕವಾಗಿ ಬರುವುದಿಲ್ಲ. ಕೆಲವದರಲ್ಲಿ ಎರಡು ಭಾಗ ಸೇರಿಸಿದ ಗೆರೆಯೇ ಕಾಣುತ್ತದೆ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಸವೆದು ಸ್ವಲ್ಪ ಕಡಿಮೆ ಇರಬಹುದು, ಜಾಸ್ತಿ ಇದ್ದರೆ ಅನುಮಾನಪಡಿ. ಅಯಸ್ಕಾಂತವನ್ನೂ ಹಿಡಿದು ನೋಡಿ. 1940ರಿಂದ 45ರವರೆಗಿನ ರೂಪಾಯಿ ಅದಕ್ಕೆ ಅಂಟಬಾರದು. ಹುಲಿ ಚಿತ್ರವಿರುವ 1947ರ ರೂಪಾಯಿ ಅಂಟುತ್ತದೆ, ಏಕೆಂದರೆ ಅದು ಪೂರ್ತಿ ನಿಕಲ್. ಅದರಲ್ಲಿ ಬೆಳ್ಳಿಯೇ ಇಲ್ಲ, ಆದರೂ ಅಸಲಿ. 1939ರ ರೂಪಾಯಿ ಯಾರಾದರೂ ತೋರಿಸಿದರೆ ಮಾತ್ರ ತುಂಬಾ ಹುಷಾರಾಗಿರಿ. ಅದು ಬಹಳ ಅಪರೂಪ, ಅದಕ್ಕೇ ನಕಲಿ ಜಾಸ್ತಿ.

1943ರಿಂದ ಬಂದ ತೂತು ಕಾಸಿಗೆ ಲಕ್ಷ ಲಕ್ಷ ಸಿಗುತ್ತದೆ ಅನ್ನುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಅದು ಕಂಚು, ಲೆಕ್ಕವಿಲ್ಲದಷ್ಟು ಟಂಕಿಸಿದ್ದಾರೆ.

ಇನ್ನೊಂದು ವಿಷಯ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸಂಗ್ರಹ ಮಾಡುವವರು ತಿಕ್ಕಿದ ನಾಣ್ಯಕ್ಕೆ ಒಳ್ಳೆ ಬೆಲೆ ಕೊಡುವುದಿಲ್ಲ.

ಮಾರಲೇಬೇಕಾಗಿ ಬಂದರೆ ಮಾರುವ ದಿನದ ಬೆಳ್ಳಿ ದರ ಕೇಳಿಕೊಳ್ಳಿ. ಯುದ್ಧಕಾಲದ ಒಂದು ರೂಪಾಯಿಯಲ್ಲಿ 5.83 ಗ್ರಾಂ ಬೆಳ್ಳಿ ಇರುತ್ತದೆ. ಅಂಗಡಿಯವರ ಮುಂದೆಯೇ ಆ ಲೆಕ್ಕ ಹಾಕಿ ಕೇಳಿ.