ಓಟ ಮುಗಿದ ಮೇಲೆ ಉಳಿಯುವ ಇಪ್ಪತ್ತು ವರ್ಷ

ನಿನ್ನೆ ಸಂಜೆ ನಮ್ಮ ಬಡಾವಣೆಯ ಕಲ್ಯಾಣಮಂಟಪದ ಮುಂದೆ ಮದುಮಗನ ಮೆರವಣಿಗೆಗೆಂದು ತಂದಿದ್ದ ಬೂದುಬಿಳಿ ಹೆಣ್ಣುಕುದುರೆಯನ್ನು ಕಂಡಾಗಿನಿಂದ ನನ್ನ ಮನಸ್ಸು ಕುದಿಯುತ್ತಿದೆ. ಮದುಮಗ ರಿಕಾಪಿಗೆ ಕಾಲಿಟ್ಟ ಕೂಡಲೇ ಅದು ನಡೆಯತೊಡಗಿತು. ಕುದುರೆಯವನು ಲಗಾಮನ್ನು ಬಿಗಿಯಾಗಿ ಜಗ್ಗಿದಷ್ಟೂ ಕತ್ತು ಚಾಚಿ ಮುಂದಕ್ಕೆ ನುಗ್ಗಿತು. ಸುತ್ತಲಿದ್ದವರು ಸೊಕ್ಕಿನ ಕುದುರೆ ಎಂದು ಬೈದರು. ಅವನು ಬೆತ್ತದಿಂದ ಎರಡೇಟು ಬಿಗಿದ. ಅದರ ಎಡ ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ ಹಿಂಬದಿಯ ಸ್ನಾಯುರಜ್ಜು ಬಿಲ್ಲಿನಂತೆ ಉಬ್ಬಿಕೊಂಡಿತ್ತು. ರೇಸಿನಲ್ಲಿ ಹರಿದು ಮಾಯ್ದ ಕಾಲನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆ ಕುದುರೆ ತನಗೆ ಕಲಿಸಿದ್ದನ್ನೇ ಮಾಡುತ್ತಿತ್ತು. ರೇಸ್ ಕುದುರೆ ನಡೆಯುತ್ತಿರುವಾಗಲೇ ಅದರ ಸವಾರನಾದ ಜಾಕಿಯನ್ನು ಎತ್ತಿ ಜೀನಿನ ಮೇಲೆ ಕೂರಿಸುವುದು ರೂಢಿ. ಹತ್ತುವವರೆಗೂ ನಿಲ್ಲಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಲಗಾಮು ಬಿಗಿಯಾದಾಗ ಕಡಿವಾಣಕ್ಕೆ ಒತ್ತು ಕೊಟ್ಟು ಓಡುವುದನ್ನೇ ಅದು ಕಲಿತಿರುತ್ತದೆ. ಓಟ ಮುಗಿಸಿದ ಕಂದು ಕುದುರೆಯೊಂದನ್ನು ನಾನೂ ಸಾಕಿಕೊಂಡಿದ್ದೇನೆ. ಮೊದಲ ಮೂರು ತಿಂಗಳು ನಾನು ಅದರ ಬೆನ್ನಿಗೆ ಜೀನು ಹಾಕಲಿಲ್ಲ. ಓಟ್ಸ್ ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ, ದಿನದ ಬಹುಪಾಲು ಲಾಯದಲ್ಲೇ ನಿಂತು ಬೆಳೆದ ಪ್ರಾಣಿಯನ್ನು ಬಯಲಿಗೆ ಬಿಟ್ಟು ಸುಮ್ಮನೆ ಕಾದೆ. ಸವಾರ ಹತ್ತಲೆಂದು ಇಟ್ಟ ಮೆಟ್ಟಿಲುಕಲ್ಲಿನ ಪಕ್ಕ ಅಲುಗಾಡದೆ ನಿಲ್ಲುವುದನ್ನು ಅದು ಕಲಿಯಲು ಎಂಟು ತಿಂಗಳು ಬೇಕಾಯಿತು.

ಆದ್ದರಿಂದಲೇ, "ಒಳ್ಳೆಯವರಿಗೆ ಪುಕ್ಕಟೆಯಾಗಿ ಕೊಟ್ಟುಬಿಟ್ಟೆವು" ಎಂದು ಓಟ ಮುಗಿದ ಕುದುರೆಗಳ ಮಾಲೀಕರು ನೆಮ್ಮದಿಯಿಂದ ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡು ವರ್ಷಕ್ಕೇ ಓಡಲು ಇಳಿಯುವ, ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆಗಳಲ್ಲಿ ಹೆಚ್ಚಿನವುಗಳ ಓಟ ಆರೇಳು ವರ್ಷ ವಯಸ್ಸಿಗೆ ಮುಗಿಯುತ್ತದೆ, ಆದರೆ ಅವು ಇಪ್ಪತ್ತೈದು ವರ್ಷ ಬದುಕಬಲ್ಲವು. ಮರು ತರಬೇತಿಯಿಲ್ಲದೆ ಪುಕ್ಕಟೆ ಕೊಟ್ಟ ಕುದುರೆ ದಲ್ಲಾಳಿಯಿಂದ ದಲ್ಲಾಳಿಗೆ ದಾಟುತ್ತದೆ. ಕುಣಿಗಲ್ ಕಡೆಯವಳಾದ ನಾನು ಅಲ್ಲಿನ ಸ್ಟಡ್ ಫಾರ್ಮಿನ ಬೇಲಿಯಾಚೆ ತಾಯಿಯ ಹಿಂದೆ ಕುಣಿಯುವ ಮರಿಗಳನ್ನು ನೋಡುತ್ತಾ ಬೆಳೆದವಳು. ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಿದ ನೆಲ ಅದು. ಹುಟ್ಟಿದ ಪ್ರತಿ ಮರಿಯ ವಂಶಾವಳಿಯನ್ನೂ ಅಷ್ಟು ಶ್ರದ್ಧೆಯಿಂದ ದಾಖಲಿಸುವವರು, ಓಟ ಮುಗಿದ ಮೇಲೆ ಅದು ಎಲ್ಲಿಗೆ ಹೋಯಿತೆಂದು ಯಾಕೆ ಬರೆದಿಡಬಾರದು?

ಅಮೆರಿಕದಲ್ಲಿ 1986ರಲ್ಲಿ ಕೆಂಟಕಿ ಡರ್ಬಿ ಎಂಬ ಹೆಸರಾಂತ ರೇಸ್ ಗೆದ್ದ ಫರ್ಡಿನಾಂಡ್ ಎಂಬ ಕುದುರೆ ಮುಂದೆ ಜಪಾನಿಗೆ ಮಾರಾಟವಾಗಿ 2002ರಲ್ಲಿ ಕಸಾಯಿಖಾನೆ ಸೇರಿತು. ಮರುವರ್ಷ ಸುದ್ದಿ ಹೊರಬಿದ್ದಾಗ ಅಲ್ಲಿಯ ರೇಸ್ ಪ್ರಿಯರು ತಲ್ಲಣಿಸಿಹೋದರು. ನಿವೃತ್ತ ಕುದುರೆಗಳ ಆಶ್ರಯತಾಣಗಳನ್ನು ಪರಿಶೀಲಿಸಿ ಮಾನ್ಯತೆಯನ್ನೂ ಹಣವನ್ನೂ ಕೊಡುವ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ ಎಂಬ ಸಂಸ್ಥೆ ಅಲ್ಲಿ 2012ರಲ್ಲಿ ಹುಟ್ಟಿತು. ಬ್ರಿಟನ್ನಿನಲ್ಲಂತೂ ಮರು ತರಬೇತಿಗೆಂದೇ ರೇಸ್ ಕ್ಷೇತ್ರದವರು 2000ದಲ್ಲೇ ಒಂದು ಸಂಸ್ಥೆ ಕಟ್ಟಿದ್ದರು. ಓಟದ ದುಡ್ಡಿನಲ್ಲೇ ಓಟದ ನಂತರದ ಬದುಕಿಗೂ ಪಾಲು ತೆಗೆದಿಡುವ ಆ ದಾರಿಯನ್ನು ನಮ್ಮಲ್ಲೂ ಕಡ್ಡಾಯ ಮಾಡಬೇಕು ಎಂಬುದಷ್ಟೇ ನನ್ನ ಮಾತು.

ಜಿಎಸ್‌ಟಿ ಹೊರೆಯಿಂದ ರೇಸೇ ಸೊರಗಿರುವಾಗ ಹೊಸ ಖರ್ಚು ಹೇರಬಾರದು ಎನ್ನುವವರಿದ್ದಾರೆ. ಹೊರೆ ಇರುವುದು ನಿಜ. ಆದರೆ ಲಕ್ಷಾಂತರ ಕೊಟ್ಟು ಮರಿ ಕೊಳ್ಳುವಾಗ, ಪ್ರತಿ ರೇಸಿಗೂ ಪ್ರವೇಶಶುಲ್ಕ ಕಟ್ಟುವಾಗ ಬಾರದ ಕಷ್ಟ, ಕಾಲು ಕೆಟ್ಟ ಕುದುರೆಯ ಮೇವಿನ ಲೆಕ್ಕ ಬಂದಾಗ ಮಾತ್ರ ಬರುವುದನ್ನು ನಾನು ಒಪ್ಪಲಾರೆ. ಸವಾರಿ ಶಾಲೆಗಳು ತೆಗೆದುಕೊಳ್ಳುತ್ತವಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ; ಅವು ಆರಿಸಿಕೊಳ್ಳುವುದು ಗಟ್ಟಿ ಕಾಲಿನ, ಶಾಂತ ಸ್ವಭಾವದ ಕುದುರೆಗಳನ್ನು.

ಇಷ್ಟೆಲ್ಲ ಬರೆಯುವ ನಾನೇ ಮೂರು ವರ್ಷಗಳ ಹಿಂದೆ ಒಬ್ಬ ಟ್ರೇನರ್ ಕೊಡುತ್ತೇನೆಂದ ಕುಂಟು ಕುದುರೆಯನ್ನು ಲಾಯದಲ್ಲಿ ಜಾಗವಿಲ್ಲವೆಂದು ಬೇಡ ಎಂದಿದ್ದೆ. "ಬೇರೆ ಯಾರಾದರೂ ಒಯ್ಯುತ್ತಾರೆ ಬಿಡಿ ಮೇಡಂ" ಎಂದರು. ಯಾರು ಎಂದು ನಾನು ಕೇಳಲಿಲ್ಲ.

ನಿನ್ನೆ ಮೆರವಣಿಗೆ ಮುಗಿಯುವವರೆಗೂ ಕಾದೆ. ಕುದುರೆಯವನು ಕ್ರೂರಿಯಲ್ಲ, ಮೂರನೆಯ ಕೈಯಿಂದ ಕೊಂಡಿದ್ದ, ಅದು ರೇಸಿನಿಂದ ಬಂದದ್ದೆಂದು ಯಾರೂ ಅವನಿಗೆ ಹೇಳಿರಲಿಲ್ಲ. "ಅಕ್ಕಾ, ಕಾಲಿಗೆ ಏನು ಹಚ್ಚಲಿ?" ಎಂದು ಕೇಳಿದ. ರಾತ್ರಿ ಇಪ್ಪತ್ತು ನಿಮಿಷ ತಣ್ಣೀರು ಬಿಡಲು ಹೇಳಿದ್ದೇನೆ. ಭಾನುವಾರ ನಮ್ಮ ಲಾಯಕ್ಕೆ ಕರೆತರುತ್ತಾನೆ. ಡಾಕ್ಟರಿಗೂ ಬರಲು ಹೇಳಿದ್ದೇನೆ.